ಅರ್ಧಕ್ಕೆ ಬಿಟ್ಟು ಏಳುವ ಕೆಲಸ

ನಾನು ಮನೆಯಲ್ಲಿ ಕುಳಿತು ಪುಸ್ತಕಗಳ ಕರಡು ತಿದ್ದುತ್ತೇನೆ. ದೊಡ್ಡವಳಿಗೆ ಏಳು ತಿಂಗಳಾಗಿದ್ದಾಗ ಶುರು ಮಾಡಿದೆ. ಈಗ ಅವಳಿಗೆ ಒಂಬತ್ತು ವರ್ಷ, ಚಿಕ್ಕವನಿಗೆ ಐದು. ಹೊಸದಾಗಿ ತಾಯಿಯಾದವರು, ಉದ್ಯೋಗ ಬಿಟ್ಟು ಮನೆಯಿಂದಲೇ ಏನಾದರೂ ಮಾಡಬೇಕೆಂದಿರುವ ತಂದೆಯರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಸಮಯ ಹೇಗೆ ಹೊಂದಿಸುತ್ತೀರಿ?" ಸಮಯ ಹೊಂದುವುದಿಲ್ಲ ಮಾರಾಯರೇ. ಅದು ಚೂರು ಚೂರಾಗಿ ಸಿಗುತ್ತದೆ, ಅದೂ ನಾವು ಕೇಳಿದಾಗಲ್ಲ. ಕೆಲಸವನ್ನು ಯಾವ ಗಳಿಗೆಯಲ್ಲಿ ಬೇಕಾದರೂ ಕೆಳಗಿಟ್ಟು ಏಳುವುದು, ಮರಳಿ ಬಂದಾಗ ತಡಕಾಡದೆ ಎತ್ತಿಕೊಳ್ಳುವುದು, ಈ ಎರಡನ್ನು ಮಾತ್ರ ಕಲಿತೆ. ನಿಮ್ಮದು ಹೊಲಿಗೆಯೋ ಲೆಕ್ಕಪತ್ರವೋ ಅನುವಾದವೋ ಪಾಠ ಹೇಳುವುದೋ, ಏನೇ ಇರಲಿ, ಇಲ್ಲಿ ಹೇಳುವುದರಲ್ಲಿ ಬಹುಪಾಲು ನಿಮಗೂ ಒಗ್ಗುತ್ತದೆ.

ಮೊದಲು ಎರಡು ವಾರ ಗಡಿಯಾರ ನೋಡಿ ಬರೆಯಿರಿ. ಕುಳಿತ ಹೊತ್ತು, ಎದ್ದ ಹೊತ್ತು, ಅಷ್ಟೇ. ಯಾಕೆ ಎದ್ದೆ ಎಂದು ಬರೆಯುವ ಅಗತ್ಯವಿಲ್ಲ, ಅದನ್ನು ಬರೆಯಲು ಪುರುಸೊತ್ತೂ ಇರುವುದಿಲ್ಲ. ದಿನಕ್ಕೆ ಐದು ಗಂಟೆ ದುಡಿಯುತ್ತಿದ್ದೇನೆ ಎಂದು ನಾನು ನಂಬಿಕೊಂಡಿದ್ದೆ. ಹದಿನಾಲ್ಕು ದಿನದ ಲೆಕ್ಕ ಕೂಡಿಸಿ ಭಾಗಿಸಿದಾಗ ಸಿಕ್ಕಿದ್ದು ಎರಡೂಕಾಲು ಗಂಟೆ. ಆ ಸಂಜೆ ಅಳು ಬಂದಿದ್ದು ನಿಜ. ಆದರೆ ಆವತ್ತಿನಿಂದಲೇ ನನ್ನ ವೃತ್ತಿ ಒಂದು ಹದಕ್ಕೆ ಬಂತು, ಏಕೆಂದರೆ ಇಲ್ಲದ ಎರಡೂಮುಕ್ಕಾಲು ಗಂಟೆಯ ಮೇಲೆ ಮಾತು ಕೊಡುವುದನ್ನು ನಿಲ್ಲಿಸಿದೆ.

ನಿಮ್ಮ ಲೆಕ್ಕ ಸಿಕ್ಕ ಮೇಲೆ ಕೆಲಸವನ್ನು ಮೂರು ರಾಶಿ ಮಾಡಿ. ಎಷ್ಟು ಮುಖ್ಯ ಎಂದು ನೋಡಿ ವಿಂಗಡಿಸಬೇಡಿ, ಎಷ್ಟು ಅಡ್ಡಿ ತಾಳುತ್ತದೆ ಎಂದು ನೋಡಿ ವಿಂಗಡಿಸಿ. ನನ್ನ ಕಸುಬಿನಲ್ಲಿ ಲೇಖಕರ ವಾದ ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಕೂಡುತ್ತದೆಯೇ ಎಂದು ನೋಡುವುದು ಒಂದಿಷ್ಟೂ ಅಡ್ಡಿ ತಾಳದ ಕೆಲಸ. ಅದಕ್ಕೆ ಮನೆ ಪೂರ್ತಿ ಮಲಗಿರಬೇಕು. ಸಾಲು ಹಿಡಿದು ಕಾಗುಣಿತ ನೋಡುವುದು ಎರಡನೆಯ ರಾಶಿ, ಇಪ್ಪತ್ತು ನಿಮಿಷ ಸಿಕ್ಕರೂ ಎರಡು ಮೂರು ಪುಟ ಸಾಗುತ್ತದೆ. ಅಡಿಟಿಪ್ಪಣಿಗಳ ಸಂಖ್ಯೆ ಸರಿಯಾಗಿದೆಯೇ, ಪರಿವಿಡಿಯ ಪುಟಸಂಖ್ಯೆ ಒಳಪುಟಕ್ಕೆ ತಾಳೆಯಾಗುತ್ತದೆಯೇ, ಬಿಲ್ ಕಳುಹಿಸಿದ್ದೇನೆಯೇ ಎಂಬುದೆಲ್ಲ ಮೂರನೆಯದು. ಮಡಿಲಲ್ಲಿ ಮಗು ಕುಳಿತು ಕೂದಲು ಎಳೆಯುತ್ತಿದ್ದರೂ ನಡೆಯುತ್ತದೆ. ಹೊಸಬರು ಮಾಡುವ ತಪ್ಪೆಂದರೆ ಮಗು ಮಲಗಿದ ಕೂಡಲೇ ಬಿಲ್ ಬರೆಯಲು, ಪತ್ರಗಳಿಗೆ ಉತ್ತರಿಸಲು ಕುಳಿತುಬಿಡುವುದು. ಸುಲಭದ ಕೆಲಸ ಮುಗಿಯುವ ಹೊತ್ತಿಗೆ ಮಗು ಏಳುತ್ತದೆ, ಕಷ್ಟದ ಕೆಲಸಕ್ಕೆ ರಾತ್ರಿ ಹನ್ನೊಂದರ ನಂತರದ ಮಂಪರು ಮಾತ್ರ ಉಳಿಯುತ್ತದೆ.

ಇನ್ನು ಚೀಟಿಯ ವಿಷಯ. ನನಗೆ ಒಂದನ್ನೇ ಹೇಳಿ ಎಂದರೆ ಇದನ್ನೇ ಹೇಳುತ್ತೇನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆರಂಭದ ದಿನಗಳಲ್ಲಿ ಒಂದು ಪುಸ್ತಕದ 112ನೆಯ ಪುಟದಲ್ಲಿದ್ದಾಗ ಒಳಗಿನ ಕೋಣೆಯಿಂದ ಧೊಪ್ಪೆಂದು ಸದ್ದು ಕೇಳಿತು. ಮಗಳು ಮಂಚದಿಂದ ಬಿದ್ದಿದ್ದಳು. ಏನೂ ಆಗಿರಲಿಲ್ಲ, ಹೆದರಿದ್ದಳು. ಸಮಾಧಾನ ಮಾಡಿ ಮರಳಿ ಬಂದವಳು 114ನೆಯ ಪುಟದಿಂದ ಮುಂದುವರಿದೆ. ಪುಸ್ತಕ ಅಚ್ಚಾಗಿ ಬಂದಾಗ 113ರಲ್ಲಿ ಒಂದೇ ಸಾಲು ಎರಡು ಬಾರಿ ಇತ್ತು. ಕೆಳಗೆ ಕಥಾನಾಯಕನ ಹೆಸರೇ ಬೇರೆಯಾಗಿತ್ತು. ಆ ಲೇಖಕರು ಮತ್ತೆಂದೂ ನನಗೆ ಕೆಲಸ ಕೊಡಲಿಲ್ಲ. ಕೊಡದಿದ್ದುದು ಸರಿಯೇ.

ಅಂದಿನಿಂದ ಮೇಜಿನ ಬಲಬದಿಯಲ್ಲಿ ಅಂಗೈಯಗಲದ ಚೀಟಿಗಳ ಒಂದು ಕಟ್ಟು, ದಾರ ಕಟ್ಟಿದ ಪೆನ್ಸಿಲ್ ಇರುತ್ತದೆ. ದಾರ ಯಾಕೆಂದರೆ ಬರೆಯುವ ವಸ್ತುಗಳಿಗೆ ನಮ್ಮ ಮನೆಯಲ್ಲಿ ಕಾಲು ಬರುತ್ತದೆ. ಏಳುವ ಮುನ್ನ ಮೂರು ಸಂಗತಿ ಬರೆಯುತ್ತೇನೆ: ಎಲ್ಲಿದ್ದೆ, ತಲೆಯಲ್ಲಿ ಏನು ಓಡುತ್ತಿತ್ತು, ಮರಳಿ ಬಂದು ಮೊದಲು ಏನು ಮಾಡಬೇಕು. ನಿನ್ನೆಯ ಚೀಟಿ ಹೀಗಿದೆ: "ಪು. 58, ಮೂರನೆಯ ಪ್ಯಾರಾ. 'ಸೋದರತ್ತೆ' ಎಂದಿದೆ, 31ರಲ್ಲಿ 'ಚಿಕ್ಕಮ್ಮ' ಅಲ್ಲವೇ? 31 ತೆರೆದು ನೋಡು." ಬರೆಯಲು ಹದಿನೈದು ಸೆಕೆಂಡು ಸಾಕು. ಬೆಂಕಿ, ರಕ್ತ, ಎತ್ತರದಿಂದ ಬಿದ್ದ ಸದ್ದು, ಈ ಮೂರನ್ನು ಬಿಟ್ಟರೆ ಹದಿನೈದು ಸೆಕೆಂಡು ಕಾಯದ ಕರೆ ಯಾವುದೂ ಇಲ್ಲ. "ಅಮ್ಮಾ" ಎಂಬ ಕೂಗಿಗೆ "ಒಂದು ಸಾಲು ಬರೆದು ಬಂದೆ" ಎಂದು ಉತ್ತರಿಸಿ ಹೇಳಿದಂತೆಯೇ ಒಂದು ಸಾಲು ಬರೆದು ಎದ್ದರೆ, ಕೆಲವೇ ದಿನಗಳಲ್ಲಿ ಮಗುವಿಗೂ ಅದು ಎಷ್ಟು ಹೊತ್ತೆಂದು ತಿಳಿಯುತ್ತದೆ. ಬರೀ "ಬಂದೆ" ಎಂದು ಹತ್ತು ನಿಮಿಷ ಕುಳಿತರೆ ಅದೂ ತಿಳಿಯುತ್ತದೆ.

ಇದು ನನ್ನ ಆವಿಷ್ಕಾರ ಎಂದು ಬೀಗಿದ್ದೆ. ಸಂಶೋಧಕರು ನನಗಿಂತ ಚೆನ್ನಾಗಿ ಹೇಳಿದ್ದಾರೆಂದು ಆಮೇಲೆ ತಿಳಿಯಿತು. ಒಂದು ಕೆಲಸ ಮುಗಿಯದೆ ಇನ್ನೊಂದಕ್ಕೆ ಹಾರಿದರೆ ಗಮನದ ಒಂದು ಪಾಲು ಹಿಂದಿನ ಕೆಲಸಕ್ಕೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದ್ದರು. 2018ರಲ್ಲಿ ಥೆರೆಸಾ ಗ್ಲಾಂಬ್ ಅವರೊಂದಿಗೆ ಸೇರಿ ಬರೆದ ಇನ್ನೊಂದರಲ್ಲಿ, ಏಳುವ ಮುನ್ನ ಎಲ್ಲಿದ್ದೆ, ಮರಳಿ ಬಂದು ಏನು ಮಾಡಬೇಕು ಎಂದು ಚುಟುಕಾಗಿ ಗುರುತಿಸಿಕೊಂಡರೆ ಆ ಅಂಟು ಕಡಿಮೆಯಾಗುತ್ತದೆ ಎಂದರು. ನನಗೆ ಇದರಿಂದಾದ ದೊಡ್ಡ ಲಾಭ ಕೆಲಸಕ್ಕಿಂತ ಮಗುವಿನ ಕಡೆಯದು. ಚೀಟಿ ಬರೆದು ಎದ್ದರೆ ಗೊಂಬೆಯ ಮುರಿದ ಕೈಯನ್ನು ನಿಜವಾಗಿಯೂ ನೋಡುತ್ತೇನೆ. ಬರೆಯದೆ ಎದ್ದರೆ ಗೊಂಬೆ ಕೈಯಲ್ಲಿ, 58ನೆಯ ಪುಟ ತಲೆಯಲ್ಲಿ.

ಮಗುವಿನ ನಿದ್ದೆಯ ಮೇಲೆ ವೃತ್ತಿಯನ್ನು ಕಟ್ಟುವವರಿಗೆ ಒಂದು ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 4ರಿಂದ 11 ತಿಂಗಳ ಕೂಸಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 12ರಿಂದ 16 ಗಂಟೆ ನಿದ್ದೆ ಬೇಕು. ಒಂದು ಮತ್ತು ಎರಡು ವರ್ಷದವರಿಗೆ 11ರಿಂದ 14, ಮೂರು ಮತ್ತು ನಾಲ್ಕು ವರ್ಷದವರಿಗೆ 10ರಿಂದ 13. ಈ ಇಳಿಜಾರನ್ನು ನೋಡಿ. ನಿದ್ದೆ ಕರಗುವುದು ಹಗಲಿನಲ್ಲಿ, ಅಂದರೆ ನಿಮ್ಮ ಕಚೇರಿಯ ಹೊತ್ತಿನಲ್ಲಿ. ಮಗಳು ಮಧ್ಯಾಹ್ನದ ನಿದ್ದೆ ಬಿಟ್ಟ ತಿಂಗಳಲ್ಲೇ ನಾನು ಎರಡು ದೊಡ್ಡ ಹಸ್ತಪ್ರತಿ ಒಪ್ಪಿಕೊಂಡಿದ್ದೆ. ಆ ತಿಂಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. ಯಾವ ವೇಳಾಪಟ್ಟಿಯನ್ನೂ ಮೂರು ತಿಂಗಳಿಗಿಂತ ಹೆಚ್ಚು ನಂಬಬೇಡಿ. ಮೂರು ತಿಂಗಳಿಗೊಮ್ಮೆ ಮತ್ತೆ ಒಂದು ವಾರ ಗಡಿಯಾರ ನೋಡಿ ಬರೆಯಿರಿ.

ಅದೇ ಮಾರ್ಗಸೂಚಿ ಒಂದು ವರ್ಷದ ಮಕ್ಕಳನ್ನು ಪರದೆಯ ಮುಂದೆ ಕೂರಿಸಲೇಬಾರದು ಎನ್ನುತ್ತದೆ, ಎರಡರಿಂದ ನಾಲ್ಕು ವರ್ಷದವರಿಗೆ ಹೆಚ್ಚೆಂದರೆ ದಿನಕ್ಕೆ ಒಂದು ಗಂಟೆ. ಇದನ್ನು ಓದಿ ತಪ್ಪಿತಸ್ಥ ಭಾವದಿಂದ ನರಳುವುದಕ್ಕಿಂತ ಆ ಒಂದು ಗಂಟೆಯನ್ನು ಜಾಣತನದಿಂದ ಖರ್ಚು ಮಾಡಿ. ಚಿಕ್ಕವನಿಗೆ ಎರಡು ತುಂಬಿದ ಮೇಲೆ ನಾನು ಅದನ್ನು ಫೋನ್ ಮಾತುಕತೆಗೆಂದೇ ಮುಡಿಪಿಟ್ಟೆ. ಪ್ರಕಾಶಕರಿಗೆ "ಮಾತಾಡುವುದಿದ್ದರೆ ಹನ್ನೊಂದೂವರೆಗೆ" ಎಂದು ಹೇಳಿದ್ದೆ. ಹನ್ನೊಂದೂವರೆಗೆ ಕಾರ್ಟೂನ್ ಶುರು. ಕರೆ ಬರದಿದ್ದ ದಿನ ಕಾರ್ಟೂನೂ ಇಲ್ಲ ಎಂಬ ನಿಯಮ ಮಾತ್ರ ನಡೆಯಲಿಲ್ಲ, ಅದನ್ನು ನೀವೂ ಪ್ರಯತ್ನಿಸಬೇಡಿ.

ಸಣ್ಣ ಮಕ್ಕಳಿಗೆ "ಇನ್ನು ಅರ್ಧ ಗಂಟೆ" ಎಂದರೆ ಏನೂ ಅರ್ಥವಾಗುವುದಿಲ್ಲ. ಕಣ್ಣಿಗೆ ಕಾಣುವ ಅಳತೆ ಬೇಕು. ನಾವು ಮರಳು ಗಡಿಯಾರ ಇಟ್ಟೆವು, ಇಪ್ಪತ್ತು ನಿಮಿಷದ್ದು. ಮರಳು ಮೇಲಿರುವಾಗ ಅಮ್ಮ ಕೆಲಸದಲ್ಲಿ, ಪೂರ್ತಿ ಇಳಿದ ಮೇಲೆ ಅಮ್ಮ ನಿನ್ನವಳು. ಇಳಿದ ಕೂಡಲೇ ಏಳಬೇಕು. ಒಂದು ಸಲ ಮಾತು ತಪ್ಪಿದರೆ ಅದು ಬರೀ ಗಾಜಿನ ಬುರುಡೆ. ಮಗಳಿಗೂ ಒಂದು ಪುಟ್ಟ ಮೇಜು, ಹಳೆಯ ಕರಡು ಹಾಳೆಗಳು, ಕೆಂಪು ಪೆನ್ಸಿಲ್ ಕೊಟ್ಟಿದ್ದೆ, ಅವಳೂ "ತಿದ್ದುತ್ತಿದ್ದಳು". ಒಂದು ದಿನ ಲೇಖಕರೊಬ್ಬರು ಫೋನ್ ಮಾಡಿ, 87ನೆಯ ಪುಟದ ಅಂಚಿನಲ್ಲಿರುವ ಸುರುಳಿ ಗುರುತಿಗೆ ಏನರ್ಥ, ಆ ಪ್ಯಾರಾ ತೆಗೆಯಬೇಕೇ ಎಂದು ಗಂಭೀರವಾಗಿ ಕೇಳಿದರು. ನಿಜವಾದ ಹಾಳೆಗಳನ್ನು ಎತ್ತರದ ಕಪಾಟಿನಲ್ಲಿ ಇಡಿ ಎಂಬ ಪಾಠವನ್ನು ಹೀಗೆ ಕಲಿತೆ. ಆ ಪ್ಯಾರಾ ತೆಗೆದಿದ್ದರೆ ಪುಸ್ತಕಕ್ಕೆ ಒಳ್ಳೆಯದೇ ಆಗುತ್ತಿತ್ತು, ಅದು ಬೇರೆ ಮಾತು.

ಎತ್ತರದ ಕಪಾಟು ಎಂದಾಗ ನೆನಪಾಯಿತು. ಕತ್ತರಿ, ಸೂಜಿ, ಪಿನ್ನು, ಇಳಿಬಿದ್ದ ಚಾರ್ಜರ್ ತಂತಿಗಳ ಬಗ್ಗೆ ಎಲ್ಲರಿಗೂ ಗೊತ್ತು. ಎಲ್ಲರೂ ಮರೆಯುವುದು ನಾಣ್ಯದಾಕಾರದ ಚಪ್ಪಟೆ ಬ್ಯಾಟರಿಯನ್ನು. ತೂಕದ ಯಂತ್ರ, ರಿಮೋಟ್, ಮೇಜಿನ ಪುಟ್ಟ ದೀಪಗಳಲ್ಲಿ ಅದು ಇರುತ್ತದೆ. ಮಗು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಗಂಭೀರವಾದ ಸುಟ್ಟ ಗಾಯವಾಗಬಹುದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಅಂಥ ಸಾಧನವನ್ನು ಕೆಲಸದ ಮೇಜಿನ ಹತ್ತಿರವೂ ತರಬೇಡಿ. ನುಂಗಿರಬಹುದು ಎಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ.

ಗಡುವು ಒಪ್ಪಿಕೊಳ್ಳುವಾಗ ಬಾಯಿಗಿಂತ ಮೊದಲು ಕಾಗದ ತೆಗೆಯಿರಿ. 240 ಪುಟದ ಪುಸ್ತಕ, ಗಂಟೆಗೆ 8 ಪುಟ, ಅಂದರೆ 30 ಗಂಟೆ. ದಿನಕ್ಕೆ ಎರಡೂಕಾಲು ಗಂಟೆಯಂತೆ ಹದಿನಾಲ್ಕು ದಿನ. ಇದಕ್ಕೆ ಅರ್ಧದಷ್ಟು ಸೇರಿಸಿ, ಇಪ್ಪತ್ತೊಂದು ದಿನ ಎನ್ನುತ್ತೇನೆ. ಆ ಏಳು ದಿನ ಜ್ವರಕ್ಕೆ, ಶಾಲೆಯ ರಜೆಗೆ, ಹಲ್ಲು ಮೂಡುವುದಕ್ಕೆ. ಹತ್ತೇ ದಿನದಲ್ಲಿ ಬೇಕು ಎನ್ನುವವರಿಗೆ "ಆಗುವುದಿಲ್ಲ" ಎಂದರೆ ಕೆಲವರು ಹೋಗುತ್ತಾರೆ, ಕೆಲವರು "ಸರಿ, ಇಪ್ಪತ್ತೊಂದಾಗಲಿ" ಎನ್ನುತ್ತಾರೆ. ಅವಸರವೆಂದು ಬಂದ ಕೆಲಸಗಳಲ್ಲಿ ಎಷ್ಟೋ ಆಮೇಲೆ ಅವರ ಮೇಜಿನ ಮೇಲೆಯೇ ತಿಂಗಳುಗಟ್ಟಲೆ ಧೂಳು ತಿಂದಿದ್ದನ್ನು ನೋಡಿದ್ದೇನೆ.

ದರ ನಿಗದಿ ಮಾಡುವಾಗಲೂ ಇದೇ ಲೆಕ್ಕ. ತಿಂಗಳಿಗೆ 25 ದಿನ ಎಂದುಕೊಂಡರೆ ನನ್ನ ಬಳಿ ಇರುವುದು ಸುಮಾರು 56 ಗಂಟೆ. ಅದರಲ್ಲಿ ಕಾಲು ಭಾಗ ಪತ್ರ, ಬಿಲ್, ಹೊಸ ಕೆಲಸ ಹುಡುಕುವುದಕ್ಕೆ ಹೋಗುತ್ತದೆ. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಉಳಿದಿದ್ದು 42. ತಿಂಗಳಿಗೆ ಬೇಕಾದ ಆದಾಯ, ವಿದ್ಯುತ್ತು, ಇಂಟರ್ನೆಟ್, ಕಂಪ್ಯೂಟರಿನ ಸವಕಳಿ, ತೆರಿಗೆ ಎಲ್ಲ ಕೂಡಿಸಿ 42ರಿಂದ ಭಾಗಿಸಿ. ಬಂದ ಮೊತ್ತ ನೋಡಿ ನಿಮಗೇ ನಾಚಿಕೆಯಾಗಬಹುದು. ನಾಚಿಕೊಂಡೇ ಹೇಳಿ. "ಹೇಗೂ ಮನೆಯಲ್ಲೇ ಇರುತ್ತೀರಲ್ಲ" ಎಂದು ಚೌಕಾಶಿಗೆ ಇಳಿಯುವವರಿಗೆ ನಾನು ಉತ್ತರ ಕೊಡುವುದಿಲ್ಲ, ದರವನ್ನು ಮತ್ತೊಮ್ಮೆ ಹೇಳುತ್ತೇನೆ. ಹಣ ಮೂರು ಕಂತಿನಲ್ಲಿ: ಶುರುವಿಗೆ ಒಂದು, ಅರ್ಧಕ್ಕೆ ಒಂದು, ಕೊನೆಯ ಕಡತ ಕೈಗೆ ಕೊಡುವ ಮುನ್ನ ಒಂದು. ಒಪ್ಪಿದ್ದೆಲ್ಲ ಬರವಣಿಗೆಯಲ್ಲಿರಲಿ, ಇಮೇಲ್ ಆದರೂ ಸಾಕು. ದುಡಿಮೆಯ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ಇರಲಿ, ತೆರಿಗೆಯ ಪಾಲನ್ನು ಹಣ ಬಂದ ದಿನವೇ ಎತ್ತಿಡಿ. ಮಕ್ಕಳಿರುವ ಸಂಗತಿಯನ್ನು ಗ್ರಾಹಕರಿಗೆ ಹೇಳಬೇಕೇ? ಮುಚ್ಚಿಡುವುದೂ ಬೇಡ, ನೆಪವಾಗಿ ಮುಂದಿಡುವುದೂ ಬೇಡ. ಸಿಗುವ ಹೊತ್ತು ಹೇಳಿ, ಕಾರಣ ಹೇಳಬೇಡಿ.

ಮಗು ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಳ್ಳುವ ಮಾತು ಬಂದಾಗ ಹಲವು ಮನೆಗಳಲ್ಲಿ ಒಂದು ವಿಚಿತ್ರ ಲೆಕ್ಕ ನಡೆಯುತ್ತದೆ. "ನೀನು ದುಡಿಯುವುದೆಲ್ಲ ಅವರಿಗೇ ಹೋಗುತ್ತದಲ್ಲ" ಎನ್ನುತ್ತಾರೆ. ಆ ಖರ್ಚನ್ನು ತಾಯಿಯ ಸಂಪಾದನೆಯಿಂದ ಮಾತ್ರ ಕಳೆಯುವುದೇಕೆ? ಮಗು ಇಬ್ಬರದು, ಕಳೆಯುವುದಾದರೆ ಇಬ್ಬರ ಒಟ್ಟು ಆದಾಯದಿಂದ ಕಳೆಯಿರಿ. ದುಡ್ಡು ಕೊಡಲಾಗದಿದ್ದರೆ ಗಂಟೆ ಕೊಟ್ಟು ಗಂಟೆ ಪಡೆಯಿರಿ. ನಾನು ಮತ್ತು ಇನ್ನೊಬ್ಬ ತಾಯಿ ವಾರಕ್ಕೆ ಎರಡು ಬೆಳಗ್ಗೆ ಮಕ್ಕಳನ್ನು ಅದಲುಬದಲು ಮಾಡಿಕೊಂಡೆವು. ಮಂಗಳವಾರ ಅವರ ಮಗ ನಮ್ಮಲ್ಲಿ, ಗುರುವಾರ ನನ್ನಿಬ್ಬರೂ ಅವರಲ್ಲಿ. ಮಂಗಳವಾರ ಒಂದಕ್ಷರ ಕೆಲಸ ಆಗುವುದಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಿ. ಗುರುವಾರದ ಮೂರು ಗಂಟೆಗೆ ಅದು ತಕ್ಕ ಬೆಲೆ.

ಕಾಯಿಲೆಯ ದಿನ ಯಾರು ರಜೆ ಹಾಕುವುದು ಎಂಬುದನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ಮಾತಾಡಿಕೊಳ್ಳಿ. ಥರ್ಮಾಮೀಟರ್ ಹಿಡಿದು ವಾದ ಮಾಡಿದರೆ ಮನೆಯಲ್ಲಿರುವವರೇ ಸೋಲುತ್ತಾರೆ. ನಮ್ಮಲ್ಲಿ ಸರದಿ ಇದೆ: ಮೊದಲ ದಿನ ನಾನು, ಎರಡನೆಯ ದಿನ ಅವರು, ಮೂರನೆಯದಕ್ಕೆ ಅರ್ಧರ್ಧ. ಜ್ವರ ಬಂದ ಬೆಳಗ್ಗೆ ಗ್ರಾಹಕರಿಗೆ ಏನು ಬರೆಯಲಿ ಎಂದು ಯೋಚಿಸುವ ತ್ರಾಣ ಇರುವುದಿಲ್ಲ. ಅದಕ್ಕೆಂದು ಮೂರು ಸಾಲಿನ ಪತ್ರವೊಂದನ್ನು ಒಂಬತ್ತು ವರ್ಷದ ಹಿಂದೆಯೇ ಬರೆದಿಟ್ಟೆ: "ಅನಿರೀಕ್ಷಿತ ಕಾರಣದಿಂದ ಇಂದು ಕೆಲಸ ಸಾಗುವುದಿಲ್ಲ. ಇಲ್ಲಿಯವರೆಗೆ ಮುಗಿದ ಪುಟಗಳನ್ನು ಲಗತ್ತಿಸಿದ್ದೇನೆ. ಉಳಿದಿದ್ದು ಈ ದಿನಾಂಕಕ್ಕೆ ತಲುಪುತ್ತದೆ." ಪುಟ ಎಷ್ಟು, ದಿನಾಂಕ ಯಾವುದು ಎಂಬುದನ್ನಷ್ಟೇ ಒಂದು ಕೈಯಲ್ಲಿ ತುಂಬಿ ಕಳುಹಿಸುತ್ತೇನೆ. ಇನ್ನೊಂದು ಕೈ ಮಗುವಿನ ಹಣೆಯ ಮೇಲಿರುತ್ತದೆ.