ವೀಸಾ ಅರ್ಜಿಗೆ ಮೊದಲು ಮನೆಯ ಟ್ರಂಕು ತೆರೆಯಿರಿ

ಸೆಪ್ಟೆಂಬರಿನಲ್ಲಿ ತರಗತಿ ಶುರುವಾಗುವ ವಿದೇಶದ ಕೋರ್ಸಿಗೆ ಹಿಂದಿನ ದೀಪಾವಳಿ ಹೊತ್ತಿಗೇ ಮನೆಯ ಕಾಗದಪತ್ರ ಹರವಿಕೊಂಡು ಕೂರಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮಕ್ಕಳ ಅರ್ಜಿಗಳು ಸಿಕ್ಕಿಬೀಳುವುದು ಬಹುಪಾಲು ಮೂರೇ ಕಡೆ: ಹೆಸರು, ಜನನ ಪತ್ರ, ದುಡ್ಡಿನ ಲೆಕ್ಕ. ಮೂರನ್ನೂ ಊರಿನಲ್ಲಿದ್ದಾಗಲೇ ಸರಿಮಾಡಿಕೊಳ್ಳಬಹುದು. ಪ್ರವೇಶಪತ್ರ ಕೈಗೆ ಬಂದ ಮೇಲೆ ತಾಲ್ಲೂಕು ಕಚೇರಿಗೆ ಓಡಾಡಲು ಹೊರಟರೆ ಸಮಯ ಸಾಲದು.

ಇನಿಷಿಯಲ್ಲಿನ ತೊಡಕು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸುಮಾ ಕೆ ಜಿ’, ಆಧಾರಿನಲ್ಲಿ ಬರೀ ‘ಸುಮಾ’, ಪ್ಯಾನ್ ಕಾರ್ಡಿನಲ್ಲಿ ‘ಕೋಣಂದೂರು ಗಣಪತಿ ಸುಮಾ’. ನಮಗೆ ಇದರಲ್ಲಿ ಗೊಂದಲವೇ ಇಲ್ಲ: ಕೆ ಅಂದರೆ ಊರು, ಜಿ ಅಂದರೆ ಅಪ್ಪ. ವಿದೇಶದ ಕಂಪ್ಯೂಟರಿಗೆ ಮಾತ್ರ ಇವರು ಮೂವರು ಬೇರೆ ಬೇರೆ ಹುಡುಗಿಯರು.

ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹೆಸರಿನ ಕಾಲಂನಲ್ಲಿ ‘ಸುಮಾ’, ಉಪನಾಮದ ಕಾಲಂನಲ್ಲಿ ‘ಕೋಣಂದೂರು ಗಣಪತಿ’ ಎಂದು ಹಾಕಿ. ‘ನಮಗೆ ಸರ್‌ನೇಮ್ ಇಲ್ಲ’ ಎಂದು ಆ ಕಾಲಂ ಖಾಲಿ ಬಿಟ್ಟರೆ ಪಾಸ್‌ಪೋರ್ಟ್ ಸಿಗುತ್ತದೆ, ಪೇಚಾಟ ಆಮೇಲೆ. ಅಮೆರಿಕದ ವೀಸಾದಲ್ಲಿ ಇದ್ದೊಂದು ಹೆಸರು ಉಪನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಲ್ಲಿನ ಬ್ಯಾಂಕು, ಡ್ರೈವಿಂಗ್ ಲೈಸೆನ್ಸಿನವರೆಗೂ ಅದು ಬೆನ್ನು ಬಿಡುವುದಿಲ್ಲ. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರಿನಿಂದ ಪ್ರವಾಸಿ ವೀಸಾವನ್ನೇ ಕೊಡುತ್ತಿಲ್ಲ.

ಕ್ರಮ ಹೀಗಿರಲಿ. ಮೊದಲು ಅಂಕಪಟ್ಟಿ ನೋಡಿ. ಅದರಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ತಿದ್ದುಪಡಿ ಅರ್ಜಿ ಹೋಗಬೇಕು. ಇದು ನಿಧಾನದ ಕೆಲಸ. ಆಮೇಲೆ ಆಧಾರ್, ಅದರ ನಂತರ ಪಾಸ್‌ಪೋರ್ಟ್. ವಿಶ್ವವಿದ್ಯಾಲಯದ ಅರ್ಜಿ ಎಲ್ಲಕ್ಕಿಂತ ಕೊನೆಗೆ, ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರ ಬಿಡದೆ. ‘ಇಬ್ಬರೂ ಒಬ್ಬರೇ’ ಎಂಬ ನೋಟರಿ ಅಫಿಡವಿಟ್ಟು ಇನಿಷಿಯಲ್ ವ್ಯತ್ಯಾಸಕ್ಕೆ ಊರುಗೋಲಾದೀತು. ಹುಟ್ಟಿದ ದಿನಾಂಕದ ವ್ಯತ್ಯಾಸಕ್ಕೆ ಅದನ್ನು ನಂಬಿ ಕೂರಬೇಡಿ.

ಊರಿನ ಹೆಸರಿನದೂ ಒಂದು ಸಣ್ಣ ಕಿರಿಕಿರಿ ಇದೆ. 2014ರ ನವೆಂಬರ್ 1ರಂದು ಶಿಮೊಗ ಶಿವಮೊಗ್ಗವಾಯಿತು, ಹಳೆಯ ದಾಖಲೆಗಳಲ್ಲಿ ಹಳೆಯ ಕಾಗುಣಿತವೇ ಉಳಿದಿದೆ. ಇದಕ್ಕೆ ತಿದ್ದುಪಡಿ ಬೇಕಿಲ್ಲ. ವೀಸಾ ಫಾರ್ಮಿನಲ್ಲಿ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನೇ ಇಳಿಸಿ.

ಪಾಸ್‌ಪೋರ್ಟಿಗೆ 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಈಗಿನ ವಿಳಾಸ ಎಂದು ಬೆಂಗಳೂರಿನ ಪಿಜಿ ಕೊಟ್ಟು, ಪೊಲೀಸರು ಬಂದಾಗ ಅಡಿಕೆ ಕೊಯ್ಲಿಗೆಂದು ಊರಿನಲ್ಲಿದ್ದರೆ ‘ಈ ವಿಳಾಸದಲ್ಲಿ ಇಲ್ಲ’ ಎಂಬ ವರದಿ ಹೋಗಿ ಕಡತ ನಿಲ್ಲುತ್ತದೆ.

ತವರಿನಲ್ಲಿ ಉಳಿದ ಜನನ ಪತ್ರ

ಚೊಚ್ಚಲ ಹೆರಿಗೆ ತವರಿನಲ್ಲಿ. ಹಾಗಾಗಿ ಮನೆ ಸೊರಬದಲ್ಲಿದ್ದರೂ ಮಗುವಿನ ಜನನ ನೋಂದಣಿ ಶೃಂಗೇರಿಯಲ್ಲೋ ಕೊಪ್ಪದಲ್ಲೋ ಇರುತ್ತದೆ. ಹುಟ್ಟಿದ ಊರಿನ ನೋಂದಣಿ ಕಚೇರಿಯಲ್ಲೇ ಹುಡುಕಿಸಬೇಕು. ಸಿಕ್ಕಿದ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದೂ ಉಂಟು, ನಾಮಕರಣಕ್ಕೆ ಮೊದಲೇ ನೋಂದಾಯಿಸಿದ್ದರಿಂದ. ನೋಂದಣಿಯಾಗಿ 15 ವರ್ಷದೊಳಗೆ ಹೆಸರು ಸೇರಿಸಲು ನಿಯಮದಲ್ಲೇ ಅವಕಾಶವಿದೆ.

ನೋಂದಣಿಯೇ ಆಗಿಲ್ಲದಿದ್ದರೆ ಆ ಕಚೇರಿಯಿಂದ ನಮೂನೆ 10ರಲ್ಲಿ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಪಡೆಯಿರಿ. ವರ್ಷ ಮೀರಿದ ಜನನವನ್ನು ಈಗ ನೋಂದಾಯಿಸಲು 2023ರ ತಿದ್ದುಪಡಿಯ ಪ್ರಕಾರ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಯ, ಇಲ್ಲವೇ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು.

ಅಮೆರಿಕದಲ್ಲಿ ನೆಲೆಸಿ ಪೌರತ್ವ ಪಡೆದ ಮಕ್ಕಳು ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಹಾಕುವಾಗ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಏಳುತ್ತದೆ. ಹಿರಿಯರ ಜನ್ಮದಿನ ಎಷ್ಟೋ ಸಲ ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡದ್ದು. ಅವರಿಗೆ ನಮೂನೆ 10, ಶಾಲಾ ದಾಖಲೆ, ಹುಟ್ಟನ್ನು ಬಲ್ಲ ಇಬ್ಬರು ಹಿರಿಯರ ಅಫಿಡವಿಟ್ಟು ಒಟ್ಟಿಗೆ ಇಡಬೇಕು. ಅಂಥ ಹಿರಿಯರು ಇರುವಾಗಲೇ ಬರೆಸಿಟ್ಟುಕೊಳ್ಳುವುದು ಜಾಣತನ.

ಅಡಿಕೆ ದುಡ್ಡನ್ನು ತೋರಿಸುವ ಬಗೆ

ತೋಟದ ಆದಾಯ ಆದಾಯ ತೆರಿಗೆ ಕಾಯ್ದೆಯಲ್ಲಿ ವಿನಾಯ್ತಿ ಪಡೆದದ್ದು, ಆದ್ದರಿಂದ ಅನೇಕ ಮನೆಗಳಲ್ಲಿ ರಿಟರ್ನ್ ಸಲ್ಲಿಸಿಯೇ ಇರುವುದಿಲ್ಲ. ವೀಸಾ ಅಧಿಕಾರಿಗೆ ಕಾಣುವುದು ವರ್ಷವಿಡೀ ಸಪ್ಪೆಯಾಗಿದ್ದು ಒಂದೇ ದಿನ 14 ಲಕ್ಷ ಬಂದ ಪಾಸ್‌ಬುಕ್ಕು. ಅಡಿಕೆ ವರ್ಷಕ್ಕೊಮ್ಮೆ ಮಾರುವ ಬೆಳೆ ಎಂಬುದು ಅವರಿಗೆ ತಿಳಿದಿರಬೇಕಿಲ್ಲ, ಕಾಗದವೇ ಹೇಳಬೇಕು. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್ ಆಗಲಿ ಬೇರೆ ಮಂಡಿಯಾಗಲಿ, ಮೂರು ವರ್ಷದ ಮಾರಾಟದ ಬಿಲ್ಲು ಜೋಡಿಸಿ. ಬಿಲ್ಲಿನ ಮೊತ್ತವೂ ಖಾತೆಗೆ ಜಮೆಯಾದ ಮೊತ್ತವೂ ತಾಳೆಯಾಗಬೇಕು. ಈ ವರ್ಷದಿಂದಲೇ ರಿಟರ್ನ್ ಹಾಕಲು ಶುರುಮಾಡಿ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಐಟಿಆರ್-1 ಎಂಬ ಸರಳ ರಿಟರ್ನ್ ಫಾರ್ಮು ನಡೆಯುವುದಿಲ್ಲ. ಚಾರ್ಟರ್ಡ್ ಅಕೌಂಟೆಂಟ್ ಕೊಡುವ ಆಸ್ತಿ ಪ್ರಮಾಣಪತ್ರದಲ್ಲಿ ಯುಡಿಐಎನ್, ಅಂದರೆ ಪತ್ರ ಅಸಲಿಯೇ ಎಂದು ಪರೀಕ್ಷಿಸುವ ಸಂಖ್ಯೆ, ಇದೆಯೇ ನೋಡಿಕೊಳ್ಳಿ.

ಪಹಣಿ ತೆಗೆದಾಗ 9ನೇ ಕಾಲಂ ಓದಿ. ಅಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇದ್ದರೆ ಆ ತೋಟವನ್ನು ಅಪ್ಪನ ಆಸ್ತಿ ಎಂದು ತೋರಿಸಲಾಗದು. ವಂಶವೃಕ್ಷ, ಮರಣ ಪತ್ರ ಇಟ್ಟು ಪೌತಿ ಖಾತೆ ಮಾಡಿಸಬೇಕು, ದಾಯಾದಿಗಳ ತಕರಾರಿದ್ದರೆ ತಿಂಗಳುಗಟ್ಟಲೆ ಎಳೆಯುತ್ತದೆ. ಸೊಪ್ಪಿನ ಬೆಟ್ಟವನ್ನು ಆಸ್ತಿ ಮೌಲ್ಯಕ್ಕೆ ಸೇರಿಸಬೇಡಿ, ಅದರ ಮೇಲೆ ನಿಮಗಿರುವುದು ಸೊಪ್ಪು ಸೌದೆಯ ಸೌಲಭ್ಯ ಮಾತ್ರ. ಬಗರ್ ಹುಕುಂ ಸಾಗುವಳಿಯ ಸಕ್ರಮಕ್ಕೆ ನಮೂನೆ 57 ಹಾಕಿ ಕೂತಿದ್ದರೂ ಅಷ್ಟೇ, ಮಂಜೂರಾಗುವವರೆಗೆ ಲೆಕ್ಕಕ್ಕಿಲ್ಲ.

ಶಿಕ್ಷಣ ಸಾಲಕ್ಕೆ ಎಂಟು ಎಕರೆ ತೋಟ ಅಡವಿಡುತ್ತೇವೆಂದರೂ ಬ್ಯಾಂಕು ತಲೆ ಅಲ್ಲಾಡಿಸುತ್ತದೆ. ಬ್ಯಾಂಕುಗಳ ಸಾಲ ವಸೂಲಿಗಿರುವ ಸರ್ಫೇಸಿ ಕಾಯ್ದೆಯ 31ನೇ ಕಲಂ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಸಾಲ ಕೆಟ್ಟರೆ ಆ ಕಾಯ್ದೆಯಡಿ ಬ್ಯಾಂಕು ತೋಟ ಹರಾಜು ಹಾಕುವಂತಿಲ್ಲ. ಇ-ಖಾತೆ ಇರುವ ಪೇಟೆಯ ಮನೆಯೋ ಸೈಟೋ ಇದ್ದರೆ ಮಾತು ಮುಂದುವರಿಯುತ್ತದೆ.

ಇನ್ನೊಂದು ಎಡವಟ್ಟನ್ನು ಯಾರೂ ಮೊದಲೇ ಹೇಳುವುದಿಲ್ಲ. ವಿದ್ಯಾರ್ಥಿವೇತನಕ್ಕೆಂದು ನಾಡಕಚೇರಿಯಿಂದ ವರ್ಷಕ್ಕೆ 90 ಸಾವಿರದ ಆದಾಯ ಪತ್ರ ತೆಗೆಸಿ, ಅದೇ ವರ್ಷ ವೀಸಾಕ್ಕೆ 15 ಲಕ್ಷದ ಆದಾಯ ತೋರಿಸಿದರೆ ಎರಡರಲ್ಲಿ ಒಂದು ಸುಳ್ಳು. ಇದಕ್ಕೆ ಯಾವ ಏಜೆಂಟನ ಬಳಿಯೂ ಔಷಧಿ ಇಲ್ಲ.

ದೇಶಕ್ಕೊಂದು ಲೆಕ್ಕ

ಬ್ರಿಟನ್‌ನದು ಅತಿ ಬಿಗಿ. ಮೊದಲ ವರ್ಷದ ಬಾಕಿ ಶುಲ್ಕ ಮತ್ತು ಗರಿಷ್ಠ 9 ತಿಂಗಳ ಜೀವನ ವೆಚ್ಚ ಖಾತೆಯಲ್ಲಿ ಸತತ 28 ದಿನ ಇರಬೇಕು, ಆ 28ನೇ ದಿನ ಅರ್ಜಿ ಹಾಕುವ ದಿನಕ್ಕಿಂತ 31 ದಿನಕ್ಕೂ ಹಿಂದಿನದಾಗಿರಬಾರದು. ನಡುವೆ ಒಂದೇ ದಿನ ನೂರು ರೂಪಾಯಿ ಕಡಿಮೆಯಾದರೂ ತಿರಸ್ಕಾರ. ರೂಪಾಯಿ ದರ ಅರ್ಜಿಯ ದಿನದ್ದು, ಹಾಗಾಗಿ ನೂರಕ್ಕೆ ಐದರಷ್ಟು ಹೆಚ್ಚೇ ಇಡಿ. ಖಾತೆ ವಿದ್ಯಾರ್ಥಿಯದೋ ತಂದೆ ತಾಯಿಯದೋ ಕಾನೂನುಬದ್ಧ ಪೋಷಕರದೋ ಆಗಿರಬೇಕು. ಕೂಡುಕುಟುಂಬದ ದುಡ್ಡೆಲ್ಲ ದೊಡ್ಡಪ್ಪನ ಖಾತೆಯಲ್ಲಿದ್ದರೆ ಅದನ್ನು ಮೊದಲೇ ವರ್ಗಾಯಿಸಿ, 28 ದಿನ ಅಲ್ಲಿಂದ ಎಣಿಸಿ. ಅಪ್ಪನ ಖಾತೆ ತೋರಿಸಿದರೆ ಸಂಬಂಧಕ್ಕೆ ಜನನ ಪತ್ರ, ಜೊತೆಗೆ ಅವರ ಒಪ್ಪಿಗೆ ಪತ್ರ.

ಜರ್ಮನಿಗೆ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ಇಡಬೇಕು. ಅದಕ್ಕೂ ಮೊದಲು ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ.

ಅಮೆರಿಕಕ್ಕೆ ಕಾಲೇಜು ಕೊಡುವ ಪ್ರವೇಶದ ಫಾರ್ಮು ಐ-20 ಬಂದ ಮೇಲೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆಯಾದ ಸೆವಿಸ್‌ಗೆ 350 ಡಾಲರಿನ ಶುಲ್ಕ, ಡಿಎಸ್-160 ಎಂಬ ವೀಸಾ ಅರ್ಜಿ ಫಾರ್ಮು, 185 ಡಾಲರಿನ ವೀಸಾ ಶುಲ್ಕ, ಬೆರಳಚ್ಚಿಗೊಂದು ದಿನ, ಸಂದರ್ಶನಕ್ಕೊಂದು ದಿನ. ಐದು ವರ್ಷದಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೆಲ್ಲ ನಮೂದಿಸಬೇಕು. 2025ರ ಜೂನಿನಿಂದ ವಿದ್ಯಾರ್ಥಿಗಳ ಖಾತೆಗಳು ಎಲ್ಲರಿಗೂ ಕಾಣುವಂತಿರಬೇಕು. ಫಾರ್ಮನ್ನು ಏಜೆಂಟರು ತುಂಬಿದರೂ ಹೊಣೆ ನಿಮ್ಮದೇ. ಗೊತ್ತಿದ್ದೂ ಬರೆದ ಸುಳ್ಳಿಗೆ ಅಲ್ಲಿ ಆಜೀವ ನಿಷೇಧವಿದೆ, ಕೆನಡಾದಲ್ಲಿ 5 ವರ್ಷ.

ಸಂದರ್ಶನದಲ್ಲಿ ಬಿಳಿ ಚೀಟಿ ಕೈಗಿಟ್ಟರೆ ಅದರ ಮೇಲಿನ ಕಲಂ ನೋಡಿ. 221(ಜಿ) ಎಂದಿದ್ದರೆ ಇನ್ನಷ್ಟು ಕಾಗದವೋ ಪರಿಶೀಲನೆಯೋ ಬಾಕಿ ಇದೆ ಎಂದು. 214(ಬಿ) ಅಂದರೆ ಮರಳಿ ಬರುತ್ತೀರೆಂದು ಅಧಿಕಾರಿಗೆ ಮನವರಿಕೆಯಾಗಿಲ್ಲ. ಇದಕ್ಕೆ ಮೇಲ್ಮನವಿ ಇಲ್ಲ, ಮತ್ತೆ ಅರ್ಜಿ ಹಾಕಬಹುದು. ಹತ್ತೇ ದಿನದಲ್ಲಿ ಅದೇ ಕಾಗದ, ಅದೇ ಉತ್ತರ ಹಿಡಿದು ಹೋದರೆ ಶುಲ್ಕ ದಂಡ. ಸಾಲ ಮಂಜೂರಾತಿ, ಹೊಸ ಅಂಕಪಟ್ಟಿ, ಬೇರೆ ಕೋರ್ಸು, ಏನಾದರೂ ಬದಲಾಗಿರಲಿ.

ಸಂಗಾತಿ, ಅಪ್ಪ, ಅಮ್ಮ

ಮದುವೆಯಾದವರು ಮೊದಲು ಉಪನೋಂದಣಿ ಕಚೇರಿಯಲ್ಲಿ ವಿವಾಹ ನೋಂದಣಿ ಮಾಡಿಸಿ, ಛತ್ರದ ರಸೀದಿ ಮತ್ತು ಲಗ್ನಪತ್ರಿಕೆ ಪುರಾವೆಗೆ ಜೊತೆಗಿರಲಿ. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ಸಂಶೋಧನಾ ಕೋರ್ಸಿನವರನ್ನು ಬಿಟ್ಟರೆ ಸಾಮಾನ್ಯ ಸ್ನಾತಕೋತ್ತರದವರು ಸಂಗಾತಿಯನ್ನು ಕರೆದೊಯ್ಯುವಂತಿಲ್ಲ. ಅಮೆರಿಕದಲ್ಲಿ ವಿದ್ಯಾರ್ಥಿಯ ಸಂಗಾತಿಗೆ ಎಫ್-2 ವೀಸಾ ಸಿಗುತ್ತದೆ, ಕೆಲಸ ಮಾಡುವಂತಿಲ್ಲ.

ಮಗಳ ಬಾಣಂತನಕ್ಕೆ ಹೋಗುವ ಅಮ್ಮಂದಿರು ಪ್ರಶ್ನೆಗೆ ‘ಊರು ನೋಡಲು’ ಎನ್ನಬೇಡಿ, ಬಾಣಂತನಕ್ಕೆ ಎಂದೇ ಹೇಳಿ. ಎಷ್ಟು ದಿನ, ಖರ್ಚು ಯಾರದು, ತೋಟ ನೋಡಿಕೊಳ್ಳುವವರು ಯಾರು ಎಂಬುದಕ್ಕೂ ಉತ್ತರ ಇರಲಿ. ಪಾಸ್‌ಪೋರ್ಟಿನಲ್ಲಿ ಅಮೆರಿಕದ 10 ವರ್ಷದ ವೀಸಾ ಅಂಟಿಸಿದ ಮಾತ್ರಕ್ಕೆ ಬೇಕಾದಷ್ಟು ದಿನ ಇರಬಹುದೆಂದಲ್ಲ. ಇಳಿದ ದಿನ ದಾಖಲಾಗುವ ಐ-94ರ ದಿನಾಂಕವೇ ಗಡುವು, ಸಾಮಾನ್ಯವಾಗಿ 6 ತಿಂಗಳು. ವಿಮಾನ ಇಳಿದ ವಾರದಲ್ಲೇ ಮಗಳ ಕೈಲಿ ಅದನ್ನು ಆನ್‌ಲೈನಿನಲ್ಲಿ ತೆಗೆಸಿ ನೋಡಿ, ಹೆಸರು ಅಥವಾ ದಿನಾಂಕ ತಪ್ಪಿದ್ದರೆ ಆಗಲೇ ಸರಿಪಡಿಸಿಕೊಳ್ಳಿ. ಹೆಚ್ಚು ದಿನ ಬೇಕೆಂದರೆ ಐ-539 ಅರ್ಜಿ ಆ ದಿನಾಂಕಕ್ಕೆ ಮೊದಲೇ ಇಲಾಖೆಗೆ ತಲುಪಿರಬೇಕು.