ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಪ್ರೊಸೆಸರ್ ಹೆಸರನ್ನು ಓದುವ ಬಗೆ

‘ಐ7 ಇದೆ ಸಾರ್, ಕಣ್ಣು ಮುಚ್ಚಿ ತಗೊಳ್ಳಿ’ ಎಂದು ಅಂಗಡಿಯವರು ಹೇಳಿದ ಕೂಡಲೇ ಹಣ ಕೊಡದೆ, ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿರುವ ಅಬೌಟ್ ಪುಟವನ್ನು ತೆರೆಸಿ, ಪ್ರೊಸೆಸರ್‌ನ, ಅಂದರೆ ಲ್ಯಾಪ್‌ಟಾಪ್‌ನ ಕೆಲಸವನ್ನೆಲ್ಲ ನಡೆಸುವ ಮುಖ್ಯ ಚಿಪ್‌ನ, ಪೂರ್ತಿ ಹೆಸರನ್ನು ಬರೆದುಕೊಳ್ಳಿ.

ಇಂಟೆಲ್‌ನ ಐ7-1255ಯು ಎಂಬ ಹೆಸರಿನಲ್ಲಿ 12 ಎಂಬುದು ತಲೆಮಾರನ್ನು ತಿಳಿಸಿದರೆ, ಕೊನೆಯ ‘ಯು’ ಅಕ್ಷರವು ಇದು 15 ವ್ಯಾಟ್‌ನ, ಬ್ಯಾಟರಿ ಉಳಿಸಲೆಂದೇ ಮಾಡಿದ ಚಿಪ್ ಎಂದು ತಿಳಿಸುತ್ತದೆ. ಇದರಲ್ಲಿರುವ ಬಲವಾದ ಕೋರ್‌ಗಳು, ಅಂದರೆ ಭಾರಿ ಕೆಲಸ ಮಾಡುವ ಘಟಕಗಳು, ಎರಡೇ. ಅದೇ ತಲೆಮಾರಿನ ಐ5-12500ಎಚ್ 45 ವ್ಯಾಟ್‌ನದು, ಅದರಲ್ಲಿ ಅಂಥ ಕೋರ್‌ಗಳು ನಾಲ್ಕಿವೆ. ಆದ್ದರಿಂದ ವಿಡಿಯೊ ಸಂಕಲನ ಮಾಡುವವರು ಐ7 ಎಂಬ ಹೆಸರಿಗೆ ಮರುಳಾಗದೆ ಈ ಐ5 ಅನ್ನೇ ಆರಿಸಬೇಕು. ಬ್ಯಾಟರಿ ಬೇಗ ಮುಗಿಯುವುದನ್ನು ಮಾತ್ರ ಸಹಿಸಿಕೊಳ್ಳಬೇಕಾಗುತ್ತದೆ.

ಇನ್ನೊಂದು ಚಿಪ್ ಕಂಪನಿಯಾದ ಎಎಂಡಿಯ ಜಾಣತನ ಇನ್ನೂ ಒಂದು ಕೈ ಮೇಲು. ರೈಜನ್ 5 7520ಯು ಹೆಸರಿನ 7 ನೋಡಿ ಹೊಸದೆಂದು ಹಿಗ್ಗಬೇಡಿ. ಮೂರನೆಯ ಅಂಕಿಯಾದ 2, ಅದರೊಳಗಿರುವುದು 2019ರಲ್ಲಿ ಬಂದ ಝೆನ್ 2 ವಿನ್ಯಾಸವೆಂದು ಹೇಳುತ್ತದೆ. ಹಳೆಯ ಸಾರಿಗೆ ಹೊಸ ಒಗ್ಗರಣೆ ಎಂದರೆ ಇದೇ. ಟೈಪಿಂಗ್, ಬ್ಯಾಂಕ್ ವ್ಯವಹಾರ, ಮಕ್ಕಳ ಆನ್‌ಲೈನ್ ಪಾಠಗಳಿಗೆ ಅಷ್ಟು ಸಾಕು, ಆದರೆ ಬೆಲೆಯೂ ಅಷ್ಟಕ್ಕೇ ಇರಬೇಕು.