ಮೀನಿನ ತಲೆ ಸಾರು ಮಾಡುವ ಮುಂಚೆ: ಸಿಗ್ವಟೆರಾ ವಿಷದಿಂದ ಪಾರಾಗುವುದು ಹೇಗೆ?

ಮೀನಿನ ತಲೆ ಸಾರು ಅಂದರೆ ಕರಾವಳಿಯವರಿಗೆ ಪ್ರಾಣ. ಆದರೆ 2016ರಲ್ಲಿ ಮಂಗಳೂರಿನಲ್ಲಿ ರೆಡ್ ಸ್ನ್ಯಾಪರ್ ಮೀನಿನ ತಲೆ ತಿಂದ ಹಲವಾರು ಜನ ಕಾಯಿಲೆ ಬಿದ್ದರು. ಸಿಗ್ವಟೆರಾ ವಿಷವೇ ಕಾರಣ ಇರಬೇಕು ಎಂದು ತಜ್ಞರು ಶಂಕಿಸಿದರು.

ಈ ವಿಷ ಮೀನಿನಲ್ಲಿ ಹುಟ್ಟುವುದಲ್ಲ. ಬೆಚ್ಚಗಿನ ಸಮುದ್ರದ ಹವಳದ ದಿಬ್ಬಗಳಲ್ಲಿ ಗ್ಯಾಂಬಿಯರ್‌ಡಿಸ್ಕಸ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಸಣ್ಣ ಮೀನು ಅದನ್ನು ಮೇಯುತ್ತದೆ, ದೊಡ್ಡ ಮೀನು ಸಣ್ಣದನ್ನು ನುಂಗುತ್ತದೆ. ಹೀಗೆ ವಿಷ ಕೂಡುತ್ತಾ ಹೋಗುತ್ತದೆ. ಮೀನು ಮಾತ್ರ ಆರಾಮಾಗಿ ಈಜಿಕೊಂಡಿರುತ್ತದೆ.

ಹಾಗಾಗಿ ಮೊದಲ ಎಚ್ಚರ ಮಾರ್ಕೆಟ್ಟಿನಲ್ಲೇ ಬೇಕು. ಹವಳದ ದಿಬ್ಬದಲ್ಲಿ ಬೇಟೆಯಾಡುವ ಸ್ನ್ಯಾಪರ್, ಗ್ರೂಪರ್, ಬರ್ರಕುಡಾ ಜಾತಿಯ ತುಂಬಾ ದೊಡ್ಡ ಮೀನು ಕಂಡರೆ ಎಲ್ಲಿ ಹಿಡಿದದ್ದು ಎಂದು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಬಿಟ್ಟುಬಿಡಿ. ಬಂಗುಡೆ, ಬೂತಾಯಿ ತಿನ್ನುವವರು ಈ ವಿಷಕ್ಕೆ ಹೆದರಬೇಕಿಲ್ಲ. (ಬಂಗುಡೆಗೆ ಐಸ್ ಮಾತ್ರ ಬೇಕೇ ಬೇಕು. ಬಿಸಿಲಲ್ಲಿ ಬಿಟ್ಟರೆ ಬೇರೆಯದೇ ವಿಷ ಏರುತ್ತದೆ.)

ಮನೆಗೆ ತಂದಾಯಿತು ಅನ್ನಿ. ತಲೆ, ಪಿತ್ತಜನಕಾಂಗ, ಕರುಳು, ಮೊಟ್ಟೆ ತೆಗೆದು ಎಸೆಯಿರಿ. ವಿಷ ಜಾಸ್ತಿ ಸೇರುವುದು ಅಲ್ಲೇ. ತಲೆ ಬಿಡಲು ಮನಸ್ಸು ಬರುವುದಿಲ್ಲ, ಗೊತ್ತು. ಆದರೂ ದೊಡ್ಡ ಹವಳದ ಮೀನಿನದ್ದು ಬೇಡವೇ ಬೇಡ. ಹಾಗಂತ ಉಳಿದ ಮಾಂಸದಲ್ಲಿ ವಿಷ ಇಲ್ಲವೇ ಇಲ್ಲ ಎಂದೂ ಅಲ್ಲ, ಅದಕ್ಕೇ ಸ್ವಲ್ಪವೇ ತಿನ್ನಿ.

ಚೆನ್ನಾಗಿ ಕುದಿಸಿದರೆ ಆಯ್ತು ಅಂದುಕೊಳ್ಳಬೇಡಿ. ಕುದಿಸಿದರೂ, ಹುರಿದರೂ, ಉಪ್ಪು ಹಾಕಿ ಒಣಗಿಸಿದರೂ, ಫ್ರೀಜರ್‌ನಲ್ಲಿಟ್ಟರೂ ಇದು ಹೋಗುವುದಿಲ್ಲ. ಹುಳಿ, ಖಾರ ಏನೂ ನಾಟುವುದಿಲ್ಲ. ವಾಸನೆ ಇಲ್ಲ, ರುಚಿಯೂ ಬದಲಾಗುವುದಿಲ್ಲ. ಮೀನಿನ ಮೇಲೆ ನೊಣ ಕೂರುತ್ತದೋ ಇಲ್ಲವೋ ನೋಡುವುದು, ಬೆಳ್ಳಿ ನಾಣ್ಯ ಕಪ್ಪಾಗುತ್ತದೋ ನೋಡುವುದು, ಇಂಥ ಪರೀಕ್ಷೆಗಳನ್ನು ದ್ವೀಪಗಳ ಜನ ಮಾಡುತ್ತಾ ಬಂದಿದ್ದಾರೆ. ಇವನ್ನು ನಂಬಬೇಡಿ.

ತಿಂದ ಮೇಲೆ, ಸಾಮಾನ್ಯವಾಗಿ ಒಂದು ದಿನದೊಳಗೆ, ವಾಂತಿ, ಭೇದಿ, ಹೊಟ್ಟೆನೋವು ಬರುತ್ತದೆ. ಸುಮ್ನೆ ಅಜೀರ್ಣ ಅಂತ ಮಲಗಬೇಡಿ. ತುಟಿ, ಬೆರಳು ಜುಮ್ಮೆನ್ನುತ್ತಿದೆಯಾ? ಮೈ ತುರಿಸುತ್ತಿದೆಯಾ? ತಣ್ಣೀರು ಮುಟ್ಟಿದರೆ ಸುಟ್ಟ ಹಾಗೆ ಆಗುತ್ತಿದೆಯಾ? ಈ ಕೊನೆಯದನ್ನು ಮರೆಯಬೇಡಿ, ಸಿಗ್ವಟೆರಾದ ದೊಡ್ಡ ಗುರುತು ಅದು. ಕೂಡಲೇ ಆಸ್ಪತ್ರೆಗೆ ಹೋಗಿ. ನಾಡಿ ನಿಧಾನವಾಗಬಹುದು, ಬಿಪಿ ಇಳಿಯಬಹುದು. ಯಾವ ಮೀನು, ಯಾವ ಭಾಗ, ಎಷ್ಟು ಹೊತ್ತಿಗೆ ತಿಂದಿರಿ ಎಂದು ಡಾಕ್ಟರಿಗೆ ನೀವೇ ಹೇಳಿ. ಉಳಿದ ತುಂಡಿದ್ದರೆ ಚೆಲ್ಲದೆ ಫ್ರೀಜರ್‌ನಲ್ಲಿಡಿ, ಪರೀಕ್ಷೆಗೆ ಬೇಕಾಗುತ್ತದೆ. ಜೊತೆಗೆ ತಿಂದವರಿಗೂ ಫೋನ್ ಮಾಡಿ.

ಇದಕ್ಕೆ ಪ್ರತಿವಿಷ ಇಲ್ಲ. ಡ್ರಿಪ್ ಕೊಟ್ಟು, ಲಕ್ಷಣ ನೋಡಿಕೊಂಡು ಚಿಕಿತ್ಸೆ ಮಾಡುತ್ತಾರೆ. ಹೊಟ್ಟೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಜುಮ್ಮು, ತುರಿಕೆ, ಸುಸ್ತು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಕಾಡುತ್ತದೆ. ಆರು ತಿಂಗಳು ಮೀನು, ಮದ್ಯ, ಗೋಡಂಬಿ ಬಾದಾಮಿಯಂಥವು ಬೇಡ. ಇವನ್ನು ತಿಂದರೆ, ಕುಡಿದರೆ ಹೋದ ಲಕ್ಷಣ ಮರಳಬಹುದು. ಹಾಲೂಡಿಸುವ ತಾಯಂದಿರು ಡಾಕ್ಟರಿಗೆ ಆ ವಿಷಯವನ್ನೂ ತಿಳಿಸಬೇಕು, ವಿಷ ಎದೆಹಾಲಿಗೂ ಇಳಿಯುತ್ತದೆ.